ದಲೆಂದಾಳ ಉಪ್ಪಿಲ್ಲದ ತಿನಿಸು

ಮಹ್ದಿಯಾ ಬಂದರಿನ ಹಿಂದಿನ ಓಣಿಯಲ್ಲಿ ದಲೆಂದಾ ಬೆಕ್ಕಿನ ತಿನಿಸನ್ನು ಬೆಕ್ಕಿಗಿಂತ ಮೊದಲು ತಾನೇ ತಿಂದು ನೋಡುವ ಹೆಂಗಸು ಎಂದೇ ಹೆಸರಾಗಿದ್ದಳು. ಒಲೆಯಿಂದ ಇಳಿಸಿದ ಪ್ರತಿ ತಟ್ಟೆಯ ಮೊದಲ ತುಂಡು ಅವಳ ಬಾಯಿಗೆ ಹೋಗಬೇಕು. ಕಣ್ಣು ಮುಚ್ಚಿ, ಅದನ್ನು ನಾಲಿಗೆಯ ಮೇಲಿಟ್ಟುಕೊಂಡು, ಕರಗುವ ತನಕ ಸುಮ್ಮನಿರುತ್ತಿದ್ದಳು. ಓಣಿಯ ತಿರುವಿನ ರೊಟ್ಟಿಯಂಗಡಿಯವನು ಅವಳನ್ನು ಕಂಡಾಗಲೆಲ್ಲ ಗೌರವದಿಂದ ಲಲ್ಲಾ ಎಂದು ಕರೆದು ಕೇಳುತ್ತಿದ್ದ:

"ಲಲ್ಲಾ ದಲೆಂದಾ, ಇವತ್ತಿನ ಅಡುಗೆ ನಿಮಗೋ, ಬೆಕ್ಕಿಗೋ?"

"ಮೊದಲು ನನಗೆ, ಆಮೇಲೆ ಬೆಕ್ಕಿಗೆ. ಉಳಿದ್ರೆ ನಿನಗೆ."

ಆ ನಾಲಿಗೆಗೆ ಹಿಂದೊಂದು ಕಾಲದಲ್ಲಿ ಮರ್ಯಾದೆಯಿತ್ತು. ಇಪ್ಪತ್ತೆರಡು ವರ್ಷ ಅವಳು ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ದುಡಿದವಳು. ಅಲ್ಲಿ ಉಪ್ಪುನೀರಿನ ಹದ ನೋಡಲು ಗಾಜಿನ ಸಾಧನವೊಂದಿದ್ದರೂ, ಮೇಸ್ತ್ರಿ ಅದನ್ನು ನೀರಿಗೆ ಇಳಿಸಿ ನೋಡಿದ ಮೇಲೆ, ಯಾರಿಗೂ ಕಾಣದ ಹಾಗೆ ಒಂದು ಚಮಚ ತಂದು ದಲೆಂದಾಳ ಮುಂದೆ ಹಿಡಿಯುತ್ತಿದ್ದ. ಅವಳು ನೆಕ್ಕಿ "ಇನ್ನೊಂದು ಹಿಡಿ" ಎಂದರೆ ಇನ್ನೊಂದು ಹಿಡಿ, "ಸಾಕು" ಎಂದರೆ ಸಾಕು.

ಕಾರ್ಖಾನೆಯಲ್ಲಿ ಒಂದು ಜಾಲರಿ ತಟ್ಟೆಗೆ ಇಬ್ಬರು ಹೆಂಗಸರು. ಎದುರುಬದುರು ನಿಂತು, ಒಬ್ಬಳು ಎಡತುದಿಯಿಂದ, ಇನ್ನೊಬ್ಬಳು ಬಲತುದಿಯಿಂದ ಬೂತಾಯಿ ಮೀನು ಜೋಡಿಸುತ್ತ ಬರಬೇಕು. ನಡುವಿನಲ್ಲಿ ಇಬ್ಬರ ಕೈಯೂ ತಾಗಿದಾಗ ತಟ್ಟೆ ಮುಗಿದಂತೆ. ಇಪ್ಪತ್ತೆರಡು ವರ್ಷವೂ ದಲೆಂದಾಳ ಎದುರಿಗಿದ್ದವಳು ಬೇಯಾ. ಅವಳು ಮಾತಿನವಳು, ನಗುವವಳು; ಮೀನಿನ ಚಾಕುವಿನಷ್ಟೇ ಚುರುಕಾದ ಬಾಯಿ ಅವಳದು. ದಲೆಂದಾಳ ಮದುವೆಯಲ್ಲಿ ಅಂಗೈಗೆ ಗೋರಂಟಿ ಹಚ್ಚಿದವಳು ಬೇಯಾ. ಒಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡಾಗ, ಮೂರು ದಿನ ಪಕ್ಕದಲ್ಲಿ ಕೂತು ಬಲವಂತವಾಗಿ ತುತ್ತು ತಿನ್ನಿಸಿದವಳೂ ಬೇಯಾ. ಊರಿನವರು ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ಕಾರ್ಖಾನೆ ಮುಚ್ಚಿತು. ಹೆಂಗಸರು ಮನೆಗೆ ಹೋದರು. ಕಾರ್ಖಾನೆಯ ಹಿಂಬಾಗಿಲಲ್ಲಿ ಮೀನಿನ ತಲೆಗಾಗಿ ಕಾಯುತ್ತಿದ್ದ ಬೆಕ್ಕುಗಳಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಅವು ಬಹಳ ದಿನ ಅಲ್ಲೇ ಕೂತಿದ್ದವು. ಆಮೇಲೆ ಒಂದೊಂದಾಗಿ, ಕೈಯಲ್ಲಿ ಮೀನಿನ ವಾಸನೆ ಇನ್ನೂ ಉಳಿದಿದ್ದ ದಲೆಂದಾಳ ಹೊಸ್ತಿಲು ಹುಡುಕಿಕೊಂಡು ಬಂದವು.

ಅವಳು ತನ್ನ ತಟ್ಟೆಯಲ್ಲಿ ಉಳಿದದ್ದನ್ನೇ ಹಾಕಿದಳು: ಹರೀಸಾ ಎಂಬ ಮೆಣಸಿನ ಚಟ್ನಿ ಹತ್ತಿದ ರೊಟ್ಟಿ, ಸಾರಿನಲ್ಲಿ ಅದ್ದಿದ ಕುಸ್ಕುಸ್ ರವೆ, ಉಪ್ಪು ಹಾಕಿ ಹುರಿದ ಮೀನು. ಊರಲ್ಲಿ ಎಲ್ಲರೂ ಹಾಕುತ್ತಿದ್ದದ್ದು ಅದನ್ನೇ. ಒಂದು ದಿನ ಕಾಲು ಮುರಿದ ಮರಿಯೊಂದನ್ನು ಮಡಿಲಲ್ಲಿ ಕಟ್ಟಿಕೊಂಡು ಪ್ರಾಣಿವೈದ್ಯೆ ರೀಮ್ ಹತ್ತಿರ ಹೋದಾಗ, ಆ ಹುಡುಗಿ ಮರಿಯ ಕಾಲಿಗೆ ಪಟ್ಟಿ ಕಟ್ಟುತ್ತ, ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಕೇಳಿದಳು:

"ಖಾಲ್ತಿ, ಇದಕ್ಕೆ ಏನು ಹಾಕ್ತೀರಿ?"

ದಲೆಂದಾ ಹೇಳಿದಳು. ರೀಮ್ ಪಟ್ಟಿ ಕಟ್ಟಿ ಮುಗಿಸಿದಳು. ಆಮೇಲೆ ಒಂದೊಂದೇ ಬಿಡಿಸಿ ಹೇಳಿದಳು. ಉಪ್ಪು ಇವುಗಳ ಮೂತ್ರಪಿಂಡಕ್ಕೆ ಆಗದು. ಖಾರ ಹೊಟ್ಟೆಗೆ ಆಗದು. ಬೆಂದ ಕೋಳಿಯ ಮೂಳೆ ಗಂಟಲನ್ನು ಸೀಳುತ್ತದೆ. ದ್ರಾಕ್ಷಿ ನಾಯಿಗೆ ವಿಷ. ಎಲ್ಲಕ್ಕಿಂತ ಮುಖ್ಯವಾಗಿ ಬೆಳ್ಳುಳ್ಳಿ, ಈರುಳ್ಳಿ: ಹಸಿಯಾಗಲಿ ಒಣಗಿದ್ದಾಗಲಿ, ಅವು ರಕ್ತವನ್ನೇ ಒಡೆಯುತ್ತವೆ, ಬೆಕ್ಕಿಗಂತೂ ಚೂರು ಚೂರು ದಿನವೂ ಸೇರಿದರೆ ಸಾಕು. ಬೇಯಾಳೂ ಆ ದಿನ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. "ಬೆಳ್ಳುಳ್ಳಿ ಇಲ್ದೆ ಬದುಕೋದು ಒಂದು ಬದುಕಾ? ಪಾಪದ ಪ್ರಾಣಿ!" ಎಂದು ನಗಿಸಿದ್ದಳು.

"ನೀವೇ ಯಾಕೆ ಮಾಡಬಾರದು, ಖಾಲ್ತಿ?" ಎಂದಳು ರೀಮ್. "ಉಪ್ಪಿಲ್ಲದ್ದು, ಮಸಾಲೆ ಇಲ್ಲದ್ದು. ಇಲ್ಲಿ ಬಂದವರಿಗೆ ನಾನೇ ಹೇಳ್ತೀನಿ."

ಮಾಡುವುದು ಸುಲಭವಿರಲಿಲ್ಲ. ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಗುತ್ತಿತ್ತು. ಮೊದಲ ಮೂರು ತಟ್ಟೆಗಳನ್ನು ಅವಳು ತಾನೇ ತಿಂದು ಮುಗಿಸಬೇಕಾಯಿತು. ಕೊನೆಗೆ ಉಪ್ಪಿನ ಡಬ್ಬಿಯನ್ನೂ ಮಸಾಲೆಯ ಡಬ್ಬಿಗಳನ್ನೂ ಒಳಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡಳು. ಮನೆಯ ಮಸಾಲೆ ಕುಟ್ಟಲು ಹಿತ್ತಾಳೆಯ ಕುಟ್ಟಾಣಿ. ಪ್ರಾಣಿಗಳದ್ದಕ್ಕೆ ಕಲ್ಲಿನ ಒರಳು. ಒಂದರ ಒನಕೆ ಇನ್ನೊಂದನ್ನು ಮುಟ್ಟುವಂತಿಲ್ಲ.

ನಿಧಾನವಾಗಿ ಅವಳಿಗೆ ಹೊಸ ರುಚಿಯೊಂದು ತಿಳಿಯತೊಡಗಿತು. ಉಪ್ಪು ತೆಗೆದ ಮೇಲೆ ಉಳಿಯುವ ಮೀನಿನ ಸ್ವಂತ ರುಚಿ ಅದು. ಬೆಳಗ್ಗೆ ದೋಣಿ ಬಂದ ಕೂಡಲೆ ಹೋಗಿ, ಕಿವಿರು ಎತ್ತಿ ನೋಡಿ, ಕೆಂಪಗಿದ್ದ ಬೂತಾಯಿಯನ್ನಷ್ಟೇ ಆರಿಸುವಳು. ಕರುಳು ತೆಗೆದು, ಹಬೆಯಲ್ಲಿ ಬೇಯಿಸಿ, ಮಾಳಿಗೆಯ ಮೇಲೆ ಬಲೆ ಮುಚ್ಚಿ ಒಣಗಿಸಿ, ಆಮೇಲೆ ಸಣ್ಣ ಉರಿಯಲ್ಲಿ ಗರಿಯಾಗಿಸಿ ಬೆಕ್ಕಿಗೆ. ಬಾರ್ಲಿ ಹಿಟ್ಟು, ಬೇಯಿಸಿದ ಕುಂಬಳಕಾಯಿ, ಒಂದು ಮೊಟ್ಟೆ, ಸ್ವಲ್ಪವೇ ಸ್ವಲ್ಪ ಕೋಳಿಯ ಯಕೃತ್ತು ಕಲಸಿ, ಬೆರಳಷ್ಟು ಉದ್ದದ ಬಿಸ್ಕತ್ತು ಮಾಡಿ ನಾಯಿಗೆ. ಎದುರಿಗೆ ನಿಂತು ತಟ್ಟೆಗೆ ಜೋಡಿಸಲು ಬೇಯಾ ಬರುತ್ತಿದ್ದಳು. ಇವಳು ಎಡದಿಂದ, ಅವಳು ಬಲದಿಂದ. ಕಾಗದದ ಚೀಲಗಳನ್ನು ಶುಕ್ರವಾರದ ಸಂತೆಗೆ ಒಯ್ದು ಮಾರುವುದು ಬೇಯಾಳ ಕೆಲಸ. ದಲೆಂದಾಳಿಗೆ ಕೂಗಿ ಮಾರಲು ಬಾರದು.

ಆ ಬೇಸಿಗೆಯಲ್ಲಿ ಸಂತೆಯ ಬೇಡಿಕೆ ದಲೆಂದಾಳ ಕೈಗೆ ಎಟುಕದಷ್ಟಾಯಿತು. ಬೇಯಾ "ಇನ್ನೂ ಮಾಡು, ಇನ್ನೂ ಮಾಡು" ಎನ್ನುತ್ತಿದ್ದಳು. "ಬಿಸಿಲು ಎಷ್ಟು ಒಣಗಿಸುತ್ತೋ ಅಷ್ಟೇ" ಎನ್ನುತ್ತಿದ್ದಳು ದಲೆಂದಾ. ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಬಂದರಿನ ಗೋಡೆಯ ನೆರಳಲ್ಲಿ ಕೂತು ಬಲೆ ರಿಪೇರಿ ಮಾಡುವ ತ್ರಾಕಿ ಎಂಬ ಮುದುಕನಿದ್ದ; ಊರವರು ಅವನನ್ನು ಗೌರವದಿಂದ ಸೀದಿ ಎನ್ನುತ್ತಿದ್ದರು. ಅವನಿಗೊಂದು ಬಿಳಿ ಬೆಕ್ಕು. ಮಲ್ಲಿಗೆಯ ಕಟ್ಟಿನಂತೆ ಪುಟ್ಟದಾಗಿ ಮುದುಡಿ ಕೂರುತ್ತದೆಂದು ಅದಕ್ಕೆ ಮಶ್ಮೂಮ್ ಎಂದು ಹೆಸರಿಟ್ಟಿದ್ದ. ಗಂಡಸರು ಬೇಸಿಗೆಯ ಸಂಜೆ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಹೂವಿನ ಕಟ್ಟಿಗೆ ಆ ಊರಲ್ಲಿ ಅದೇ ಹೆಸರು. ಅವನು ಪ್ರತಿ ಶುಕ್ರವಾರ ಬೇಯಾಳ ಹತ್ತಿರ ತಪ್ಪದೆ ಒಂದು ಚೀಲ ಕೊಳ್ಳುತ್ತಿದ್ದ.

ಜುಲೈ ಕೊನೆಯಲ್ಲಿ ಮಶ್ಮೂಮ್ ತಿನ್ನುವುದು ಬಿಟ್ಟಿತು. ಬಲೆಯ ರಾಶಿಯಿಂದ ಕೆಳಗಿಳಿಯಲೂ ಆಗದಷ್ಟು ಸೋತಿತು. ರೀಮ್ ಅದರ ತುಟಿ ಎತ್ತಿ ನೋಡಿದಾಗ ವಸಡು ಬಿಳಿ ಕಾಗದದಂತಿತ್ತು. ರಕ್ತ ಪರೀಕ್ಷೆ ಮಾಡಿ, "ಬೆಳ್ಳುಳ್ಳಿ ಇಲ್ಲಾ ಈರುಳ್ಳಿ, ಬಹಳ ದಿನದಿಂದ ಸೇರ್ತಾ ಬಂದಿದೆ" ಎಂದಳು. ತ್ರಾಕಿಯ ಬೆಕ್ಕು ತಿನ್ನುತ್ತಿದ್ದದ್ದು ಎರಡೇ: ಬಂದರಿನ ಹಸಿ ಮೀನು, ಮತ್ತು ದಲೆಂದಾಳ ತಿನಿಸು.

ಸುದ್ದಿ ಕೇಳಿದ ದಲೆಂದಾ ಬೇಯಾಳನ್ನು ಕರೆದುಕೊಂಡು ತ್ರಾಕಿಯ ಮನೆಗೆ ಹೋದಳು. ಬೆಕ್ಕು ಅವನ ಹಳೆಯ ಕೋಟಿನ ಮೇಲೆ ಮಲಗಿತ್ತು. ಕಣ್ಣು ತೆರೆದು ಇವಳನ್ನು ನೋಡಿ ಮತ್ತೆ ಮುಚ್ಚಿತು.

"ಬೆಳ್ಳುಳ್ಳಿ ನನ್ನ ಅಡುಗೆಕೋಣೆಯಲ್ಲೇ ಇರಲ್ಲ, ಸೀದಿ ತ್ರಾಕಿ. ಬೀಗ ಹಾಕಿಟ್ಟಿರ್ತೀನಿ."

ಬೇಯಾ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದಳು:

"ಈ ತಿಂಗಳು ವರ್ಷದ ಮಸಾಲೆ ಕುಟ್ಟಿದೆಯಲ್ಲ ಕಣೇ. ಮಾಳಿಗೆ ತುಂಬ ಬೆಳ್ಳುಳ್ಳಿ ಒಣಗ್ತಿತ್ತು. ಯಾವುದೋ ಒನಕೆ ಯಾವುದಕ್ಕೋ ಹೋಗಿರಬೇಕು."

"ಹೋಗಿರಲ್ಲ."

"ನಿನಗೆ ನೆನಪಿರಲ್ಲ. ನನಗೂ ಇರಲ್ಲ ಈಗೀಗ. ಐವತ್ತೆಂಟು ಆಯ್ತು, ಹೆಣ್ಣೇ."

ದಲೆಂದಾ ನೆನಪು ಮಾಡಿಕೊಳ್ಳಲು ನೋಡಿದಳು. ಬಿಸಿಲು, ಹಾಸಿದ ಬಟ್ಟೆ, ಕೊತ್ತಂಬರಿ ಬೀಜ, ಶಾಜೀರಿಗೆ, ಒಣಮೆಣಸಿನಕಾಯಿ, ಹೆಚ್ಚಿ ಒಣಹಾಕಿದ ಬೆಳ್ಳುಳ್ಳಿ. ಹೌದು, ಆ ತಿಂಗಳು ಎಲ್ಲರ ಮಾಳಿಗೆಯಂತೆ ಅವಳ ಮಾಳಿಗೆಯೂ ತಾಬಿಲ್ ಮಸಾಲೆಯಿಂದ ಕಂಪಿಡುತ್ತಿತ್ತು. ಎಲ್ಲೋ ಒಂದು ಕಡೆ ಕೈ ತಪ್ಪಿರಬಹುದು. ಆದರೆ ತಿಂದು ನೋಡಿದ್ದಳಲ್ಲ, ಪ್ರತಿ ತಟ್ಟೆಯನ್ನೂ? ಹಾಗಾದರೆ ತಪ್ಪಿದ್ದು ಕೈ ಮಾತ್ರವಲ್ಲ, ನಾಲಿಗೆಯೂ. ಬೆಳ್ಳುಳ್ಳಿ ಬಾಯಲ್ಲಿದ್ದೂ ತಿಳಿಯದೆ ಹೋಗಿದೆ. 

"ಕ್ಷಮಿಸಿ, ಸೀದಿ ತ್ರಾಕಿ," ಎಂದಳು. "ನನ್ನ ಕೈಯದೇ ತಪ್ಪು."

ತ್ರಾಕಿ ಬೆಕ್ಕಿನ ಬೆನ್ನಿನ ಮೇಲಿಂದ ಕೈ ತೆಗೆಯದೆ, "ಬೇರೆ ಯಾರೇ ಆಗಿದ್ರೂ ಬೈದಿರ್ತಿದ್ದೆ," ಎಂದನಷ್ಟೆ. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮೊಳೆಗೆ ತೂಗುಹಾಕಿದ್ದ ತಿನಿಸಿನ ಅರ್ಧ ಖಾಲಿ ಚೀಲವನ್ನು ಬೇಯಾ ತೆಗೆದುಕೊಂಡಳು. "ಇದನ್ನ ಮನೇಲಿ ಇಟ್ಕೋಬೇಡಿ. ನಾನೇ ಸಮುದ್ರಕ್ಕೆ ಹಾಕ್ತೀನಿ" ಎಂದಳು. ದಾರಿಯುದ್ದಕ್ಕೂ ಗೆಳತಿಯ ಕೈ ಬಿಡಲಿಲ್ಲ.

ಅಂದಿನಿಂದ ದಲೆಂದಾ ಏನನ್ನೂ ಮಾಡಲಿಲ್ಲ. ಒರಳನ್ನು ಗೋಣಿಚೀಲದಿಂದ ಮುಚ್ಚಿದಳು. ತಾನು ಉಣ್ಣುವ ಸಾರಿಗೆ ಉಪ್ಪು ಹಾಕುವಾಗಲೂ ಕೈ ಗಾಳಿಯಲ್ಲಿ ನಿಲ್ಲುತ್ತಿತ್ತು. ಬಟ್ಟಲಿನಲ್ಲಿ ಸ್ವಲ್ಪ ಸಾರು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿ, "ಉಪ್ಪು ಸರಿ ಇದೆಯಾ ನೋಡು" ಎಂದು ಕೇಳುವಳು. "ಸರಿ ಇದೆ ಲಲ್ಲಾ, ಯಾವತ್ತಿನ ಹಾಗೇ" ಎಂದರೂ ನಂಬಿಕೆ ಬಾರದು. ನನ್ನ ಮನಸ್ಸು ನೋಯಬಾರದೆಂದು ಹೇಳುತ್ತಿದ್ದಾಳೆ ಎಂದುಕೊಳ್ಳುವಳು. ಹೊಸ್ತಿಲಿಗೆ ಬಂದ ಬೆಕ್ಕುಗಳಿಗೆ ಹಸಿ ಮೀನನ್ನು ದೂರದಿಂದಲೇ ಎಸೆದು ಒಳಗೆ ಬರುವಳು. ಬೇಯಾ ದಿನವೂ ಬಂದು ಹೋಗುತ್ತಿದ್ದಳು. "ಒಳ್ಳೇದೇ ಆಯ್ತು ಬಿಡು, ವಿಶ್ರಾಂತಿ ತಗೋ. ಸಂತೆಯ ಜನಕ್ಕೆ ನಾನು ಏನಾದ್ರೂ ಹೇಳ್ಕೋತೀನಿ."

ಆಗಸ್ಟ್ ನಡುವಿಗೆ ಮಶ್ಮೂಮ್ ಎದ್ದು ಕೂತಿದೆಯೆಂದು ಸುದ್ದಿ ಬಂತು. ದಲೆಂದಾ ನೋಡಲು ಹೋದಳು. ತ್ರಾಕಿ ಬಂದರಿನ ಪಕ್ಕದ ತನ್ನ ಬಲೆಯ ಕೊಟ್ಟಿಗೆಯಲ್ಲಿದ್ದ. ಬೆಕ್ಕು ಮೊದಲಿನ ಅರ್ಧದಷ್ಟಾಗಿತ್ತು. ಆದರೂ ಇವಳ ಬೆರಳು ಮೂಸಿ, ತಲೆಯನ್ನು ಅಂಗೈಗೆ ಒತ್ತಿತು. ಅದಕ್ಕೆ ಸಿಟ್ಟಿರಲಿಲ್ಲ. ಇವಳಿಗೆ ಅಲ್ಲಿ ನಿಲ್ಲುವುದೇ ಕಷ್ಟವಾಯಿತು. ಕಣ್ಣು ತಪ್ಪಿಸಿ ಮೇಲೆ ನೋಡಿದಾಗ, ತೊಲೆಗೆ ಕಟ್ಟಿದ ಇನ್ನೊಂದು ಚೀಲ ಕಂಡಿತು. ಅದೇ ಕಾಗದ, ಅದೇ ಮಡಿಕೆ.

"ಅದು?"

"ಅಯ್ಯೋ, ಅದನ್ನ ಮರೆತೇ ಬಿಟ್ಟಿದ್ದೆ. ಒಂದೊಂದು ವಾರದ್ದು ಇಲ್ಲಿಗೆ ತಂದಿಟ್ಕೋತಿದ್ದೆ. ಎಸೀತೀನಿ ತಾಳಿ."

"ಎಸೀಬೇಡಿ. ಕೊಡಿ ಇಲ್ಲಿ."

ತನ್ನ ತಪ್ಪನ್ನು ಒಮ್ಮೆಯಾದರೂ ಬಾಯಲ್ಲಿಟ್ಟು ನೋಡಬೇಕು ಎನಿಸಿತ್ತು ಅವಳಿಗೆ. ಒಂದು ತುಂಡು ತೆಗೆದು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ತ್ರಾಕಿ ಬಲೆಯ ಸೂಜಿ ಹಿಡಿದು ನೋಡುತ್ತಿದ್ದ.

ಮೊದಲು ಬಂದದ್ದು ಉಪ್ಪು. ಮೀನಿನೊಳಗಿನ ಉಪ್ಪಲ್ಲ, ಪೀಪಾಯಿಯಲ್ಲಿ ನೆನೆದ ಮೀನನ್ನು ತೊಳೆದು ಒಣಗಿಸಿದಾಗ ಉಳಿಯುವ ಉಪ್ಪು. ಇಪ್ಪತ್ತೆರಡು ವರ್ಷ ನೆಕ್ಕಿದ ಚಮಚ ನೆನಪಾಯಿತು. ಆಮೇಲೆ ಬೆಳ್ಳುಳ್ಳಿ, ಅದರ ಹಿಂದೆ ಶಾಜೀರಿಗೆ. ಅವಳ ಎದೆ ಹಗುರಾಯಿತು. ನಾಲಿಗೆ ಸತ್ತಿರಲಿಲ್ಲ, ಈ ತಿನಿಸು ಅವಳ ಬಾಯಿಗೆ ಬಂದೇ ಇರಲಿಲ್ಲ.

ತುಂಡು ಪೂರ್ತಿ ಕರಗಿದ ಮೇಲೆ, ಎಲ್ಲಕ್ಕೂ ಕೊನೆಯಲ್ಲಿ, ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಕಹಿ ಉಳಿಯಿತು. ಒಣಗಿದ ಕಹಿ ಕಿತ್ತಳೆಯ ಸಿಪ್ಪೆ.

ತಾಬಿಲ್ ಎಲ್ಲರ ಮನೆಯಲ್ಲೂ ಇರುತ್ತದೆ, ಒಬ್ಬರ ಮನೆಯದು ಇನ್ನೊಬ್ಬರದಂತೆ ಇರುವುದಿಲ್ಲ. ಒಬ್ಬರು ಪುದೀನ ಸೇರಿಸುತ್ತಾರೆ, ಒಬ್ಬರು ಗುಲಾಬಿ ಮೊಗ್ಗು. ತಾಯಿ ಹೇಗೆ ಕುಟ್ಟಿದಳೋ ಮಗಳೂ ಹಾಗೇ ಕುಟ್ಟುತ್ತಾಳೆ. ಆ ಓಣಿಯಲ್ಲಿ ಕಿತ್ತಳೆಯ ಸಿಪ್ಪೆಯನ್ನು ದಾರಕ್ಕೆ ಪೋಣಿಸಿ ಕಿಟಕಿಗೆ ಕಟ್ಟಿ ಒಣಗಿಸುವ ಮನೆ ಒಂದೇ ಇತ್ತು. ಅದರ ನೆರಳಲ್ಲಿ ಕೂತು ದಲೆಂದಾ ಎಷ್ಟೋ ಮಧ್ಯಾಹ್ನ ಚಹಾ ಕುಡಿದಿದ್ದಳು.

ಅವಳು ಕಣ್ಣು ತೆರೆದಳು. "ಆಮೇಲೆ ಬರ್ತೀನಿ, ಸೀದಿ ತ್ರಾಕಿ" ಎಂದು ಚೀಲ ಹಿಡಿದು ಹೊರಟಳು.

ಬೇಯಾಳ ಮನೆಯ ಬಾಗಿಲು ತೆರೆದೇ ಇತ್ತು. ಅಂಗಳದ ನಡುವೆ ಜಾಲರಿ ತಟ್ಟೆ. ಅದರ ಮೇಲೆ ಬೂತಾಯಿ. ಪಕ್ಕದಲ್ಲಿ ಉಪ್ಪುನೀರಿನ ಪೀಪಾಯಿ. ಬೇಯಾ ಒಬ್ಬಳೇ ಕೂತು ಚೀಲ ಮಡಿಸುತ್ತಿದ್ದಳು. ತಲೆಯೆತ್ತಿ ನೋಡಿ, ಗೆಳತಿಯ ಕೈಯಲ್ಲಿದ್ದುದನ್ನೂ ನೋಡಿದಳು.

"ಕೂತ್ಕೋ. ಚಹಾ ಮಾಡ್ತೀನಿ."

"ಕಿತ್ತಳೆ ಸಿಪ್ಪೆ ಹಾಕಿದೀಯ," ಎಂದಳು ದಲೆಂದಾ.

ಬೇಯಾ ಚೀಲವನ್ನು ಕೆಳಗಿಟ್ಟಳು.

"ಒಂದೇ ಒಂದು ಚಿಟಿಕೆ ಕಣೇ. ಕೊಳ್ಳೋರು ಬೆಕ್ಕುಗಳಲ್ಲ, ಮನುಷ್ಯರು. ಚೀಲ ತೆಗೆದು ಮೂಸ್ತಾರೆ. ನಿನ್ನದು ಏನೂ ವಾಸನೆ ಬರಲ್ಲ. ಹಳೇ ಮರದ ಹಾಗೆ. ನನ್ನದು ಮೂಸಿದ್ರೆ ಅವರ ಮುಖ ಅರಳುತ್ತೆ. ನೀನು ಮಾಡೋದು ಸಾಲ್ತಿರಲಿಲ್ಲ, ಎಷ್ಟು ಸಲ ಹೇಳಿದೆ ನಿನಗೆ?"

"ರೀಮ್ ಹೇಳಿದಾಗ ನೀನೂ ಅಲ್ಲೇ ಕೂತಿದ್ದೆ."

"ಆ ಹುಡುಗಿ ಸಾವಿರ ಹೇಳ್ತಾಳೆ. ನಾವು ಚಿಕ್ಕಂದಿನಿಂದ ಬೆಕ್ಕಿಗೆ ಏನು ಹಾಕ್ತಿದ್ವಿ? ಹರೀಸಾ ಹತ್ತಿದ ರೊಟ್ಟಿ ತಾನೆ? ಸತ್ತವಾ?"

"ಸತ್ತಿರ್ತವೆ. ನಾವು ನೋಡಲಿಲ್ಲ."

ಕಿಟಕಿಯಲ್ಲಿ ಸಿಪ್ಪೆಯ ಸರ ಗಾಳಿಗೆ ತೂಗಿ, ಗೋಡೆಗೆ ತಾಗಿ, ಒಣಗಿದ ಸದ್ದು ಮಾಡಿತು.

"ಮಸಾಲೆ ಹಾಕಿದ್ದು ಇರಲಿ," ಎಂದಳು ದಲೆಂದಾ. ಅವಳ ದನಿ ಏರಲಿಲ್ಲ. "ನನ್ನ ಹೆಸರಲ್ಲಿ ಮಾರಿದ್ದೂ ಇರಲಿ. ಅವತ್ತು ತ್ರಾಕಿಯ ಮನೇಲಿ ನನ್ನ ಕೈ ಹಿಡ್ಕೊಂಡಿದ್ದೆಯಲ್ಲ. ಆಗ ಗೊತ್ತಿತ್ತಾ ನಿನಗೆ?"

"ನಾನು ಬಾಯಿ ಬಿಡೋಕ್ಕೆ ಮೊದಲೇ ನೀನು ಒಪ್ಕೊಂಡುಬಿಟ್ಟೆ. ಆಮೇಲೆ ನಾನು ಏನಂತ ಹೇಳ್ಲಿ?"

"ನೀನು ಬಾಯಿ ಬಿಟ್ಟಿದ್ದೆ, ಬೇಯಾ. ವಯಸ್ಸಾಯ್ತು ಅಂದೆ. ನೆನಪಿರಲ್ಲ ಅಂದೆ."

ಬೇಯಾಳ ಕಣ್ಣು ತುಂಬಿ ಬಂತು. ಅವಳ ಅಳು ನಿಜವಾದದ್ದೇ ಆಗಿತ್ತು; ದಲೆಂದಾಳಿಗೆ ಅದು ತಿಳಿಯಿತು, ಮತ್ತು ತಿಳಿದೂ ತನ್ನ ಕೈ ಮುಂದೆ ಹೋಗಲಿಲ್ಲ ಎಂಬುದೂ ತಿಳಿಯಿತು.

"ಮೂರು ವಾರ ನಾನು ಬಟ್ಟಲು ಹಿಡ್ಕೊಂಡು ಪಕ್ಕದ ಮನೆಗೆ ಉಪ್ಪು ಸರಿ ಇದೆಯಾ ಅಂತ ಕೇಳೋಕ್ಕೆ ಹೋದೆ. ನೀನು ನೋಡ್ತಿದ್ದೆ."

"ಹೇಳಬೇಕು ಅಂತ ದಿನಾ ಬರ್ತಿದ್ದೆ ಕಣೇ..."

"ಹಾಗಾದ್ರೆ ಈಗ ಬಾ. ತ್ರಾಕಿಯ ಹತ್ರ ಹೋಗೋಣ, ಆಮೇಲೆ ರೀಮ್ ಹತ್ರ. ನೀನೇ ಹೇಳು. ನಾನು ನಿನ್ನ ಕೈ ಹಿಡ್ಕೊಂಡಿರ್ತೀನಿ."

ಬೇಯಾ ಕಣ್ಣೊರೆಸಿಕೊಂಡು ಪೀಪಾಯಿಯ ಕಡೆ ನೋಡಿದಳು, ಮಡಿಸಿದ ಚೀಲಗಳ ಕಡೆ ನೋಡಿದಳು. ನಾಳೆ ಶುಕ್ರವಾರವಾಗಿತ್ತು.

"ಬೆಕ್ಕು ಬದುಕ್ತಲ್ಲ," ಎಂದಳು. "ಮತ್ಯಾಕೆ ದೊಡ್ಡದು ಮಾಡ್ತೀಯ? ನಿನ್ನ ತಪ್ಪು ಅಂತ ಯಾರೂ ನಿನ್ನ ಬೈಯಲಿಲ್ಲ. ನಾನು ಮಾಡಿದ್ದು ಅಂದ್ರೆ ಸುಮ್ನೆ ಬಿಡ್ತಾರಾ?"

ದಲೆಂದಾ ಚೀಲದ ಬಾಯಿಯನ್ನು ಮತ್ತೆ ಮಡಿಸಿದಳು. ಆಮೇಲೆ ಬಾಗಿಲು ದಾಟಿ ಬಂದಳು. ಹಿಂದಿನಿಂದ ಹೆಸರು ಹಿಡಿದು ಕರೆದದ್ದು ಕೇಳಿಸಿತು, ನಿಲ್ಲಲಿಲ್ಲ.

ತ್ರಾಕಿ ಬಲೆಯ ಮುಂದೆ ಇನ್ನೂ ಹಾಗೇ ಕೂತಿದ್ದ.

"ಆ ಚೀಲ ನನ್ನದಲ್ಲ, ಸೀದಿ ತ್ರಾಕಿ. ಬೇಯಾ ಮಾಡಿದ್ದು. ಸಂತೆಯಲ್ಲಿ ಇನ್ನೂ ಇರುತ್ತೆ, ನಿಮ್ಮವರಿಗೆಲ್ಲ ಹೇಳಿ, ಯಾರೂ ಕೊಳ್ಳಬಾರದು. ರೀಮ್‌ಗೆ ನಾನೇ ಹೋಗಿ ಹೇಳ್ತೀನಿ."

ಮುದುಕ ಸೂಜಿಯನ್ನು ಬಲೆಯಲ್ಲಿ ಸಿಕ್ಕಿಸಿದ. "ಅವತ್ತು ಅವಳೂ ನಮ್ಮನೇಲಿ ಇದ್ದಳಲ್ಲ, ನಿಮ್ಮ ಪಕ್ಕದಲ್ಲೇ."

"ಹೌದು."

"ಗೊತ್ತಿತ್ತಾ ಅವಳಿಗೆ?"

"ಗೊತ್ತಿತ್ತು."

ಅವನು ಅವಳನ್ನು ಪಕ್ಕದಲ್ಲಿ ಕೂರಿಸಿದ. ಬೆಕ್ಕನ್ನು ಎತ್ತಿ ಅವಳ ಮಡಿಲಲ್ಲಿಟ್ಟು, ತನ್ನ ಬಲೆಯ ಕಡೆ ತಿರುಗಿದ. ದಲೆಂದಾ ಅದರ ತೆಳುವಾದ ಪಕ್ಕೆಲುಬುಗಳ ಮೇಲೆ ಕೈಯಾಡಿಸುತ್ತ, ಅಳು ಬಂದು ಹೋಗುವ ತನಕ ಅಲ್ಲೇ ಕೂತಳು.

ಮರುದಿನ ಬೆಳಗ್ಗೆ ದೋಣಿಗಳು ಬಂದಾಗ ಅವಳು ಕಿವಿರು ಎತ್ತಿ ನೋಡಿ ಎರಡು ಬುಟ್ಟಿ ಬೂತಾಯಿ ಆರಿಸಿದಳು. ಒರಳಿನ ಮೇಲಿನ ಗೋಣಿಚೀಲ ತೆಗೆದಳು. ಮೀನು ಬೆಂದ ಮೇಲೆ ಮೊದಲ ತುಂಡನ್ನು ಬಾಯಲ್ಲಿಟ್ಟು ಕಣ್ಣು ಮುಚ್ಚಿದಳು. ಉಪ್ಪಿಲ್ಲ, ಖಾರವಿಲ್ಲ, ಬೆಳ್ಳುಳ್ಳಿಯಿಲ್ಲ. ಯಾರನ್ನೂ ಕೇಳಬೇಕಾಗಿರಲಿಲ್ಲ.

ಮಾಳಿಗೆಯ ಮೇಲೆ ಜಾಲರಿ ತಟ್ಟೆ ಹಾಸಿ, ಎಂದಿನಂತೆ ಎಡತುದಿಯಿಂದ ಜೋಡಿಸುತ್ತ ಬಂದಳು. ನಡುವಿಗೆ ಬಂದಾಗ ಕೈ ತಾನಾಗಿ ನಿಂತಿತು, ಎದುರಿನ ಕೈ ತಾಗಲೆಂದು. ಕೆಳಗೆ ಓಣಿಯಲ್ಲಿ ಸಂತೆಗೆ ಹೋಗುವವರ ಮಾತು ಕೇಳಿಸುತ್ತಿತ್ತು. ಅವಳು ಎದ್ದು, ತಟ್ಟೆಯ ಸುತ್ತ ನಡೆದು ಆ ಬದಿಗೆ ಹೋಗಿ, ಬಲತುದಿಯಿಂದ ಮತ್ತೆ ಜೋಡಿಸತೊಡಗಿದಳು.